ಮಗುವಿನ ಅಭಿಪ್ರಾಯ

ಧನುರ್ಮಾಸ ಹುಟ್ಟಿದ ವಾರವೇ ವಕೀಲರ ಫೋನು ಬಂತು. ಸಂಕ್ರಾಂತಿ ಕಳೆದ ಮೇಲೆ ಮಗುವನ್ನು ಫ್ಯಾಮಿಲಿ ಕೋರ್ಟಿಗೆ ಕರೆದುಕೊಂಡು ಬರಬೇಕು, ಜಡ್ಜ್ ಮೇಡಂ ಅವಳೊಬ್ಬಳನ್ನೇ ಚೇಂಬರಿನಲ್ಲಿ ಕೂರಿಸಿಕೊಂಡು ಮಾತಾಡುತ್ತಾರೆ, ಅಪ್ಪನ ಹತ್ತಿರ ಇರುತ್ತೀಯೋ ಅಮ್ಮನ ಹತ್ತಿರ ಇರುತ್ತೀಯೋ ಎಂದು ಕೇಳುತ್ತಾರೆ. ಮಧುಸೂದನ ಈ ಸುದ್ದಿಯನ್ನು ಊಟದ ಹೊತ್ತಿಗೆ ಹೇಳಿದ. ಹೇಳುವ ಮೊದಲು ಮಗಳನ್ನು ಹಾಲಿನಲ್ಲಿ ಟಿವಿ ಮುಂದೆ ಕೂರಿಸಿ, ಸದ್ದು ಜಾಸ್ತಿ ಮಾಡಿ ಬಂದ. ಎಂಟು ವರ್ಷದ ಆರಾಧನಾಗೆ ಟಿವಿಯ ಸದ್ದಿನ ನಡುವೆಯೂ ಅಡುಗೆಮನೆಯ ಪಿಸುಮಾತನ್ನು ಹೆಕ್ಕಿ ಕೇಳಿಸಿಕೊಳ್ಳುವ ವಿದ್ಯೆ ಚೆನ್ನಾಗಿ ಬಂದುಬಿಟ್ಟಿದೆ ಎಂಬುದು ಬಸವನಗುಡಿಯ ಆ ಮನೆಯ ದೊಡ್ಡವರಿಗೆ ಯಾರಿಗೂ ಗೊತ್ತಿರಲಿಲ್ಲ.

"ಒಳ್ಳೇದೇ ಆಯ್ತು ಬಿಡು," ಎಂದರು ಅವನ ತಾಯಿ ತುಳಸಮ್ಮ, ಸಾರು ಬಡಿಸುತ್ತ. "ಅದನ್ನೇ ಓದಿರೋಳು ನಮ್ಮನೇಲೇ ಇದಾಳಲ್ಲ."

ಎಲ್ಲರೂ ದೀಪ್ತಿಯ ಕಡೆ ನೋಡಿದರು. ಮಧುಸೂದನನ ತಂಗಿ ದೀಪ್ತಿ ಲಾ ಕಾಲೇಜಿನಲ್ಲಿ ಪಾಠ ಹೇಳುತ್ತ ಪಿಎಚ್‌ಡಿ ಮಾಡುತ್ತಿದ್ದಳು. ಗಂಡ ಹೆಂಡತಿ ಬೇರೆಯಾದಾಗ ಮಗು ಯಾರ ಹತ್ತಿರ ಇರಬೇಕೆಂದು ಕೋರ್ಟು ತೀರ್ಮಾನಿಸುತ್ತದಲ್ಲ, ಆಗ ಮಗುವಿನ ಮಾತಿಗೆ ಏನು ಬೆಲೆ ಎಂಬುದು ಅವಳ ವಿಷಯ. ಮದುವೆಯೂ ಬೇಡವೆಂದು ಇಷ್ಟು ವರ್ಷ ಅದೇನು ಓದುತ್ತಾಳೋ ಎಂದು ನೆಂಟರ ಮುಂದೆ ಸಂಕೋಚಪಡುತ್ತಿದ್ದ ತುಳಸಮ್ಮನಿಗೆ, ಆ ಓದಿನಿಂದ ಮನೆಗೂ ಒಂದು ಉಪಯೋಗವಿದೆಯೆಂದು ಮೊದಲ ಸಲ ಅನ್ನಿಸಿತು.

"ಜಡ್ಜು ಏನೇನ್ ಕೇಳ್ತಾರೆ, ಹೆಂಗೆ ಹೇಳಿದ್ರೆ ನಂಬ್ತಾರೆ, ಎಲ್ಲಾ ನಿಂಗೆ ಗೊತ್ತಿರುತ್ತೆ," ಎಂದ ಮಧುಸೂದನ. "ದಿನಾ ಸ್ವಲ್ಪ ಹೊತ್ತು ಕೂತ್ಕೊಂಡು ಪುಟ್ಟಿಗೆ ಹೇಳ್ಕೊಡು."

"ಆಗಲ್ಲ ಅಣ್ಣ."

"ಯಾಕಾಗಲ್ಲ?"

"ಹೇಳ್ಕೊಟ್ಟಿದ್ದು ಅಂತ ಅವರಿಗೆ ಗೊತ್ತಾಗಿಬಿಡುತ್ತೆ. ಅಲ್ದೆ ಅದು ತಪ್ಪು."

"ಗೊತ್ತಾಗದೇ ಇರೋ ಹಾಗೆ ಹೇಳ್ಕೊಡೋಕೆ ತಾನೇ ನೀನಿರೋದು?"

"ನಮ್ಮನೆ ವಿಷಯ ನನ್ನ ರಿಸರ್ಚಿಗೆ ಬರಬಾರದು ಅಂತ ನನ್ನ ಗೈಡ್ ಮೊದಲೇ ಹೇಳಿದಾರೆ. ಪುಟ್ಟಿನ ನಾನು ಏನೂ ಕೇಳಲ್ಲ, ಏನೂ ಹೇಳ್ಕೊಡೋದೂ ಇಲ್ಲ. ನಿನ್ನ ಕಡೆಗೂ ಇಲ್ಲ, ಅತ್ತಿಗೆ ಕಡೆಗೂ ಇಲ್ಲ."

"ಅತ್ತಿಗೆಯಂತೆ," ತುಳಸಮ್ಮ ಸೌಟನ್ನು ಪಾತ್ರೆಗೆ ಕುಕ್ಕಿದರು. "ಮನೆ ಬಿಟ್ಟು ಹೋಗಿ ವರ್ಷ ಆಗ್ತಾ ಬಂತು, ಇನ್ನೂ ಅತ್ತಿಗೆ."

ತುಳಸಮ್ಮನ ಗಂಡ ಶೀನಣ್ಣನವರು ತಟ್ಟೆ ನೋಡುತ್ತ ಉಣ್ಣುತ್ತಿದ್ದರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಮನೆಯ ಜಗಳಗಳಿಂದಲೂ ನಿವೃತ್ತರಾಗಿದ್ದರು. "ಮಜ್ಜಿಗೆ ಹಾಕು," ಎಂದರು ಅಷ್ಟೆ.

ಯಾರ ಪಕ್ಷವನ್ನೂ ವಹಿಸದಿರುವುದು ದೊಡ್ಡ ಧರ್ಮವೆಂದು ದೀಪ್ತಿ ತಿಳಿದಿದ್ದಳು. ಮನೆಗೆ ಬೆಂಕಿ ಬಿದ್ದಾಗ ನಾನು ಎಣ್ಣೆಯನ್ನೂ ಸುರಿಯುವುದಿಲ್ಲ, ನೀರನ್ನೂ ಸುರಿಯುವುದಿಲ್ಲ ಎಂದು ಕೂತವರನ್ನು ಧರ್ಮಾತ್ಮರೆನ್ನುವುದು ನನಗಂತೂ ಕಷ್ಟ.

ಮಧುಸೂದನ ಮತ್ತು ವಿಶಾಖಾ ಬೇರೆಯಾದದ್ದಕ್ಕೆ ಒಂದೇ ಕಾರಣವೆಂದು ಹೇಳುವ ಹಾಗಿಲ್ಲ. ವಿಶಾಖಾ ಮಲ್ಲೇಶ್ವರದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಗಿನ ಪಾಳಿ ಇದ್ದಾಗ ಮನೆಯವರು ಏಳುವುದರೊಳಗೆ ಹೊರಡಬೇಕು. ಅದಕ್ಕೊಂದು ಮಾತು, ಅದಕ್ಕೊಂದು ಪ್ರತಿಮಾತು. ಬೆಳಗಿನ ತಿಂಡಿಗೆ ಹತ್ತಿದ ಜಗಳ ರಾತ್ರಿ ಊಟದವರೆಗೂ ಉರಿಯುತ್ತಿತ್ತು. ಒಂದು ದಿನ ಮಧುಸೂದನ ತಟ್ಟೆ ಎಸೆದ. ವಿಶಾಖಾ ಗೋಡೆ ಒರೆಸಿ, ನೆಲ ಒರೆಸಿ, ಕೈ ತೊಳೆದುಕೊಂಡು ಬಟ್ಟೆ ತುಂಬಿಕೊಂಡಳು. ಮನೆ ಸಿಕ್ಕಿದ ಮೇಲೆ ಮಗಳನ್ನು ಕರೆದುಕೊಂಡು ಹೋಗುತ್ತೇನೆಂದು ಹೇಳಿ ಹೋದಳು. ಮತ್ತಿಕೆರೆಯಲ್ಲಿ ಮನೆ ಸಿಗುವ ಹೊತ್ತಿಗೆ ಮಧುಸೂದನ ಕೋರ್ಟಿಗೆ ಹೋಗಿದ್ದ. ಸ್ಕೂಲು ಇಲ್ಲೇ ಹತ್ತಿರವಿದೆಯೆಂದು ಸದ್ಯಕ್ಕೆ ಮಗು ಇಲ್ಲಿ, ಭಾನುವಾರ ತಾಯಿಯ ಜೊತೆ ಎಂದಾಯಿತು. ಶೀನಣ್ಣನವರಿಗೆ ಎದೆನೋವು ಬಂದದ್ದೂ ಆ ದಿನಗಳಲ್ಲೇ. ಸೊಸೆ ಹೊಸಿಲು ದಾಟಿದ್ದಕ್ಕೇ ಬಂತು ಎಂದು ತುಳಸಮ್ಮ ನಂಬಿದ್ದರು.

ಆ ಭಾನುವಾರವೂ ವಿಶಾಖಾ ಗೇಟಿನ ಹೊರಗೆ ನಿಂತಳು. ತುಳಸಮ್ಮ ಅವಳ ಮುಖ ನೋಡಲಿಲ್ಲ, ಮಾತಾಡಲಿಲ್ಲ. ಆದರೆ ಮುತ್ತೈದೆ ಬಾಗಿಲಿಗೆ ಬಂದು ಕುಂಕುಮವಿಲ್ಲದೆ ಹೋಗುವುದು ಅವರ ಮನೆತನದಲ್ಲಿ ಇಲ್ಲ. ಆದ್ದರಿಂದ ಬಟ್ಟಲು ತಂದು ಗೇಟಿನ ಮೇಲಿಂದ ಹಿಡಿದರು, ಬೇರೆ ಕಡೆ ನೋಡುತ್ತ. ವಿಶಾಖಾ ಹಣೆಗಿಟ್ಟುಕೊಂಡು, "ಬರ್ತೀನಿ ಅತ್ತೆ," ಎಂದಳು. ತುಳಸಮ್ಮ ಬಟ್ಟಲಿನ ಸಮೇತ ಒಳಗೆ ಹೋದರು.

ಮಗುವಿನ ಸ್ವೆಟರ್ ಕೊಡಲು ದೀಪ್ತಿ ರಸ್ತೆಯವರೆಗೆ ಹೋದಳು.

"ನನ್ನ ಪರ ಮಾತಾಡು ಅಂತ ಕೇಳಲ್ಲ ದೀಪ್ತಿ," ಎಂದಳು ವಿಶಾಖಾ. "ಅವಳಿಗೆ ಯಾರೂ ಏನೂ ಹೇಳ್ಕೊಡದೇ ಇರೋ ಹಾಗೆ ನೋಡ್ಕೋ, ಸಾಕು."

"ನಾನಂತೂ ಏನೂ ಹೇಳ್ಕೊಡ್ತಿಲ್ಲ ಅತ್ತಿಗೆ."

"ನಿನ್ನ ವಿಷಯ ಅಲ್ಲ ನಾನು ಹೇಳ್ತಿರೋದು."

ವಿಶಾಖಾಳ ಕಣ್ಣು ಒಣಗಿಯೇ ಇತ್ತು. ಅವಳು ಅತ್ತದ್ದನ್ನು ಆ ಮನೆಯಲ್ಲಿ ಯಾರೂ ಕಂಡಿಲ್ಲ. ಕಲ್ಲೆದೆಯವಳು ಎಂದು ತುಳಸಮ್ಮ ಹೇಳುವುದಕ್ಕೆ ಅಷ್ಟೇ ಆಧಾರ.

ಹೇಳಿಕೊಡುವುದು ನಡೆದೇ ಇತ್ತು, ಆದರೆ ಅದಕ್ಕೆ ಆ ಹೆಸರಿರಲಿಲ್ಲ. ಸಂಜೆ ತುಳಸಮ್ಮ ಕಲಸಿದ ಅನ್ನದ ಬೋಗುಣಿ ಹಿಡಿದು ಮೊಮ್ಮಗಳಿಗೆ ಕೈತುತ್ತು ಹಾಕುತ್ತಿದ್ದರು. ಮೊದಲೆಲ್ಲ ತುತ್ತಿಗೊಂದು ಕಥೆಯಿರುತ್ತಿತ್ತು, ಈಗ ತುತ್ತಿಗೊಂದು ಪ್ರಶ್ನೆ.

"ಪುಟ್ಟಿ ಯಾರ್ ಹತ್ರ ಇರ್ತಾಳೆ?"

"ಇಲ್ಲೇ."

"ಜಾಣೆ. ಆ ಮಾಡು. ನೀನು ಹೊರಟುಹೋದ್ರೆ ತಾತ ಉಳೀತಾರಾ ಹೇಳು? ಅವರ ಮನಸ್ಸಿಗೆ ನೋವಾಗಬಾರದು ಅಂತ ಡಾಕ್ಟ್ರು ಹೇಳಿಲ್ವಾ? ಎದೆಗೆ ತಂತಿ ಹಾಕಿ ನಿಲ್ಸಿದಾರೆ ಅಷ್ಟೆ."

ಮೊಮ್ಮಗಳು ಬಾಯಿ ತೆರೆಯುತ್ತಿದ್ದಳು. ಈಸಿಚೇರಿನಲ್ಲಿ ಕೂತ ಶೀನಣ್ಣನವರು ಪೇಪರಿನ ಹಿಂದಿನಿಂದ ಇದನ್ನೆಲ್ಲ ಕೇಳುತ್ತಿದ್ದರು, ಕೇಳುತ್ತ ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದರು. ನೋವಿತ್ತೆಂದಲ್ಲ. ತಾನಿಲ್ಲದಿದ್ದರೆ ಒಬ್ಬ ಮುದುಕ ಬದುಕುವುದಿಲ್ಲ ಎಂದು ಒಂದು ಮಗು ನಂಬಿರುವುದು ಆ ಮುದುಕನಿಗೆ ಹಿತವಾಗಿಯೇ ಇರುತ್ತದೆ. ದೀಪ್ತಿ ಒಂದೆರಡು ಸಲ ಬಾಗಿಲಲ್ಲಿ ನಿಂತು ಕೇಳಿದಳು. ಆಮೇಲೆ ತನ್ನ ನಿಯಮ ನೆನಪಾಗಿ ರೂಮಿಗೆ ಹೋಗಿ ಕದ ಹಾಕಿಕೊಂಡಳು.

ಬೆಳಿಗ್ಗೆ ಜಡೆ ಹಾಕುವುದು ಅಪ್ಪನ ಕೆಲಸ. ಮಧುಸೂದನ ಅದನ್ನು ಫೋನಿನಲ್ಲಿ ವಿಡಿಯೋ ನೋಡಿ ಕಲಿತಿದ್ದ. ಎರಡು ಜಡೆ ಒಂದೇ ಎತ್ತರಕ್ಕೆ ಬರುವವರೆಗೂ ಬಿಚ್ಚಿ ಬಿಚ್ಚಿ ಹಾಕುತ್ತಿದ್ದ. ಒಂದು ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಬಿಟ್ಟು ಬಂದವನು ಆಫೀಸಿಗೆ ಹೊರಡದೆ ದೀಪ್ತಿಯ ಎದುರು ಕೂತ.

"ಲಾಯರು ಒಂದು ಮಾತು ಹೇಳಿದಾರೆ. ನೀನು ಇದೇ ಸಬ್ಜೆಕ್ಟಲ್ಲಿ ಇರೋಳಂತೆ, ಮಗು ಇಲ್ಲಿ ಚೆನ್ನಾಗಿದೆ ಅಂತ ನೀನು ಬರೆದುಕೊಟ್ರೆ ತೂಕ ಬರುತ್ತಂತೆ."

"ನಾನು ಸೋದರತ್ತೆ. ನನ್ನ ಮಾತಿಗೆ ಎಂಥ ತೂಕ?"

"ಸೋದರತ್ತೆ ಅನ್ನೋದು ಈಗ ನೆನಪಾಯ್ತಾ? ಅವಳ ಟಿಫನ್ ಬಾಕ್ಸ್ ತೊಳೀತೀಯಾ? ಹೋಂವರ್ಕ್ ಮಾಡಿಸ್ತೀಯಾ? ಊರವರ ಮಕ್ಕಳ ಹಕ್ಕು ಬಗ್ಗೆ ಬರೀತೀಯ, ಮನೇಲಿರೋ ಮಗು ಮುಖ ಕಂಡ್ರೆ ರೂಮಿಗೆ ಹೋಗಿ ಬಾಗಿಲು ಹಾಕ್ಕೋತೀಯ."

"ಅಣ್ಣ, ನಿಂಗೆ ಅರ್ಥ ಆಗ್ತಿಲ್ಲ."

"ನಂಗೆ ಚೆನ್ನಾಗಿ ಅರ್ಥ ಆಗುತ್ತೆ. ಅವಳನ್ನ ಕರ್ಕೊಂಡು ಹೋಗಿಬಿಟ್ರೆ ಭಾನುವಾರ ಭಾನುವಾರ ನಾನು ಮತ್ತಿಕೆರೆ ಗೇಟಲ್ಲಿ ನಿಂತ್ಕೋಬೇಕಾಗುತ್ತೆ. ಅಷ್ಟು ಅರ್ಥ ಆಗುತ್ತೆ."

ಅವಳು ತಿಂಡಿ ಮುಗಿಸದೆ ಎದ್ದಳು. ತುಳಸಮ್ಮ ಅವಳ ತಟ್ಟೆಯ ಉಪ್ಪಿಟ್ಟನ್ನು ವಾಪಸು ಬಾಣಲೆಗೆ ಸುರಿದು, "ಓದಿದೋರಿಗೆ ಹಸಿವೂ ಆಗಲ್ಲ," ಎಂದರು.

ಮಧ್ಯಾಹ್ನ ಕಾಲೇಜಿನಲ್ಲಿ ದೀಪ್ತಿಯ ಗೈಡ್ ಡಾಕ್ಟರ್ ಮಹಾನಂದ ಮೇಡಂ ಅವಳ ಪಿಎಚ್‌ಡಿಯ ಹೊಸ ಅಧ್ಯಾಯ ಓದುತ್ತ ಕೂತಿದ್ದರು. ಚಿಕ್ಕಂದಿನಲ್ಲಿ ಇಂಥ ಕೇಸುಗಳಲ್ಲಿ ಜಡ್ಜಿನ ಮುಂದೆ ಕೂತು ಬಂದು, ಈಗ ಕಾಲೇಜು ಓದುವಷ್ಟು ಬೆಳೆದ ಹುಡುಗ ಹುಡುಗಿಯರನ್ನು ದೀಪ್ತಿ ಮಾತಾಡಿಸಿದ್ದಳು. ಅವರಲ್ಲಿ ಹೆಚ್ಚಿನವರು ಆಗ ತಮಗೆ ಬೇಕಾದವರ ಹೆಸರನ್ನು ಹೇಳಿರಲಿಲ್ಲ. ತಾನು ಬಿಟ್ಟು ಹೋದರೆ ಯಾರು ಕುಸಿದು ಬೀಳುತ್ತಾರೆಂದು ಹೆದರಿಕೆಯಿತ್ತೋ ಅವರ ಹೆಸರು ಹೇಳಿದ್ದರು. ಕಾಟನ್‌ಪೇಟೆಯ ಒಬ್ಬ ಹುಡುಗನ ಮಾತನ್ನು ಮೇಡಂ ಜೋರಾಗಿ ಓದಿದರು: "ಅಮ್ಮ ಗಟ್ಟಿ ಇದ್ರು. ಅಪ್ಪ ಅಳ್ತಿದ್ರು. ಅದಕ್ಕೆ ಅಪ್ಪ ಅಂದೆ."

"ಇದು ಚೆನ್ನಾಗಿದೆ," ಎಂದರು ಮಹಾನಂದ. "ಆದ್ರೆ ಆಗ ಜಡ್ಜಿಗೆ ಇದು ಗೊತ್ತಾಗಲಿಲ್ವಾ?"

"ಮಗು ಧೈರ್ಯವಾಗಿ ಸ್ಪಷ್ಟವಾಗಿ ಹೇಳುತ್ತೆ ಮೇಡಂ. ಸ್ವಂತ ಅಭಿಪ್ರಾಯದ ಹಾಗೇ ಕೇಳಿಸುತ್ತೆ."

"ಮನೆಯೋರಿಗೆ?"

"ಮನೆಯೋರಿಗೂ ಗೊತ್ತಿರಲ್ಲ," ಎಂದಳು ದೀಪ್ತಿ. ಹೇಳಿ ತನ್ನ ಬ್ಯಾಗು ಎತ್ತಿಕೊಂಡಳು.

ಮರುದಿನ ಶನಿವಾರ. ಅವರೆಕಾಯಿಯ ಕಾಲ. ನೆನೆಸಿದ ಕಾಳು ಹಿತುಕಲು ತುಳಸಮ್ಮ ಯಾವಾಗಲೂ ಮನೆಯವರನ್ನೆಲ್ಲ ಕೂರಿಸುತ್ತಿದ್ದರು. ಆ ಸಲ ಜಗಳವಾಗಿದ್ದರಿಂದ ಪಾತ್ರೆಯನ್ನು ದೀಪ್ತಿಯ ಮುಂದೆ ಇಟ್ಟು ದೇವಸ್ಥಾನಕ್ಕೆ ಹೋದರು. ಆರಾಧನಾ ತಾನಾಗಿ ಬಂದು ಎದುರು ಕೂತಳು. ಬೆರಳಲ್ಲಿ ಒತ್ತಿದರೆ ಕಾಳು ಚಂಗನೆ ಹಾರಿ ಪಾತ್ರೆಯ ಹೊರಗೆ ಬೀಳುತ್ತಿತ್ತು.

"ಅತ್ತೆ, ಹಾರ್ಟ್ ನಿಂತುಹೋದ್ರೆ ತಕ್ಷಣ ಸತ್ತುಹೋಗ್ತಾರಾ? ಆಸ್ಪತ್ರೆಗೆ ಹೋಗೋವಷ್ಟು ಟೈಮ್ ಇರುತ್ತಾ?"

ದೀಪ್ತಿಯ ಕೈ ನಿಂತಿತು. ಏನನ್ನೂ ಕೇಳಬಾರದೆಂಬ ನಿಯಮ ಅವಳದೇ. ಆದರೂ ಕೇಳಿದಳು. "ಯಾರ ಹಾರ್ಟ್?"

"ತಾತಂದು. ನಾನು ಸ್ಕೂಲಲ್ಲಿದ್ದಾಗ ನಿಂತ್ರೆ ಅಪ್ಪ ಕಾರಲ್ಲಿ ಕರ್ಕೊಂಡು ಹೋಗ್ತಾರೆ. ನಾನು ಅಮ್ಮನ ಮನೇಲಿದ್ದಾಗ ನಿಂತ್ರೆ ಅದು ನನ್ನಿಂದ ಅಲ್ವಾ?"

"ಹಾಗಂತ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನಂಗೇ ಗೊತ್ತು." ಒಂದು ಕಾಳು ಹಿತುಕಿದಳು. "ನಾನು ಜಡ್ಜ್ ಆಂಟಿಗೆ ಇಲ್ಲೇ ಇರ್ತೀನಿ ಅಂತ ಹೇಳ್ತೀನಿ. ಅಮ್ಮಂಗೆ ಏನೂ ಕಾಯಿಲೆ ಇಲ್ಲ. ಅಮ್ಮ ಅಳೋದೂ ಇಲ್ಲ. ಅಮ್ಮಂಗೆ ಏನೂ ಆಗಲ್ಲ."

"ನಿಂಗೆ ಎಲ್ಲಿರೋಕೆ ಆಸೆ?"

ಆರಾಧನಾ ಹೊರಗೆ ಬಿದ್ದ ಕಾಳುಗಳನ್ನು ಒಂದೊಂದಾಗಿ ಹೆಕ್ಕಿ ಪಾತ್ರೆಗೆ ಹಾಕಿದಳು. ಆಮೇಲೆ, "ಅದು ಬೇರೆ," ಎಂದಳು. "ಯಾರಿಗೂ ಹೇಳ್ಬೇಡಿ ಅತ್ತೆ. ತಾತಂಗಂತೂ ಹೇಳ್ಲೇಬೇಡಿ. ಗೊತ್ತಾದ್ರೆ ಎದೆನೋವು ಬರುತ್ತೆ."

ದೀಪ್ತಿಗೆ ಅಳು ಬಂತು. ಮಗುವಿನ ಮುಂದೆ ಅಳುವುದೂ ಒಂದು ಅಪರಾಧವೆಂದು ತಿಳಿದು, ಕಾಳಿನ ನೀರು ಚೆಲ್ಲುವ ನೆಪದಲ್ಲಿ ಹಿತ್ತಿಲಿಗೆ ಹೋದಳು. ಊರೆಲ್ಲ ಸುತ್ತಿ, ಬೇರೆಯವರ ಮಕ್ಕಳಿಂದ ವರ್ಷಗಟ್ಟಲೆ ಶ್ರಮಪಟ್ಟು ತಿಳಿದುಕೊಂಡ ಮಾತು ತನ್ನ ಮನೆಯ ಅಡುಗೆಮನೆಯಲ್ಲೇ ಬೆಳೆಯುತ್ತಿತ್ತು, ಅವಳು ಕದ ಹಾಕಿಕೊಂಡು ಕೂತಿದ್ದಳು.

ಮಕ್ಕಳು ನಂಬಿ ಹೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸಬಾರದೆಂದು ಅವಳ ಓದು ಹೇಳುತ್ತಿತ್ತು. ಆ ಸಂಜೆ ಊಟದ ಹೊತ್ತಿಗೆ ಮಗು ಪಕ್ಕದ ಮನೆಯ ಶರಣ್ಯಳ ಜೊತೆ ಆಡಲು ಹೋಗಿದ್ದಾಗ ಅವಳು ಆ ನಿಯಮವನ್ನು ಮುರಿದಳು. ಹೇಳಿ ಮುಗಿಸುವವರೆಗೆ ಯಾರೂ ಅಡ್ಡ ಬರಲಿಲ್ಲ.

"ನಾನೇನು ಸುಳ್ಳು ಹೇಳಿದ್ನಾ?" ತುಳಸಮ್ಮನ ದನಿ ಏರಿತು. "ಅವರಿಗೆ ಸ್ಟೆಂಟ್ ಹಾಕಿಲ್ವಾ? ಆಸ್ಪತ್ರೆಲಿ ನಾನು ಒಬ್ಬಳೇ ಕೂತಿರಲಿಲ್ವಾ? ಇರೋದನ್ನ ಮಗೂಗೆ ಹೇಳಿದ್ರೆ ತಪ್ಪಾ?"

"ನೀನು ಅವಳ ತಲೆ ಮೇಲೆ ತಾತನ ಪ್ರಾಣ ಹೊರಿಸಿದೀಯಮ್ಮ."

"ಅವಳ ತಾಯಿ ಹೊರಿಸಿದ್ದು. ಬಿಟ್ಟು ಹೋದಳಲ್ಲ, ಅವಳು."

"ಈಗ ನೀನು ಏನ್ ಮಾಡಬೇಕೂಂತಿದೀಯ?" ಮಧುಸೂದನ ತಟ್ಟೆ ಸರಿಸಿದ. "ಹೋಗಿ ಆ ಕಡೆ ಲಾಯರಿಗೆ ಹೇಳ್ತೀಯಾ? ಹೇಳು. ಅವಳು ಇಲ್ಲೇ ಇರ್ತೀನಿ ಅಂತಿದಾಳೆ. ಅವಳ ಬಾಯಿಂದ್ಲೇ ಅಂತಿದಾಳೆ. ಅದನ್ನೂ ತಪ್ಪಿಸಿಬಿಟ್ರೆ ನಿನ್ನ ಪುಸ್ತಕಕ್ಕೆ ಇನ್ನೊಂದು ಪುಟ ಸಿಗುತ್ತೆ. ನಂಗೆ ಏನು ಸಿಗುತ್ತೆ?"

"ಹೆದರಿಕೊಂಡು ನಿನ್ನ ಹತ್ರ ಇದ್ರೆ ಸಾಕಾ ನಿಂಗೆ?"

"ಸಾಕು," ಎಂದ ಮಧುಸೂದನ. "ಇದ್ರೆ ಸಾಕು." ಹೇಳಿ ಅವನಿಗೇ ನಾಚಿಕೆಯಾಯಿತು. ತಲೆ ತಗ್ಗಿಸಿದ.

ಶೀನಣ್ಣನವರು ಕೈ ತೊಳೆಯಲು ಎದ್ದರು. ತಟ್ಟೆಯಲ್ಲಿ ಹಿತಕವರೆ ಹುಳಿ ಹಾಗೇ ಇತ್ತು, ವರ್ಷವೆಲ್ಲ ಅವರು ಕಾಯುತ್ತಿದ್ದ ಅಡುಗೆ.

"ಏನೂಂದ್ರೆ, ಎದೆ ನೋಯ್ತಿದೆಯಾ?" ಎಂದರು ತುಳಸಮ್ಮ.

"ನನ್ನ ಎದೆ ವಿಷಯ ಇನ್ಮೇಲೆ ಈ ಮನೇಲಿ ಯಾರೂ ಎತ್ತಬೇಡಿ," ಎಂದರು ಶೀನಣ್ಣ. ಅಷ್ಟು ಗಟ್ಟಿಯಾಗಿ ಅವರು ಮಾತಾಡಿ ಬಹಳ ದಿನಗಳಾಗಿದ್ದವು.

ಮುಂದಿನ ದಿನಗಳಲ್ಲಿ ಮನೆಯಲ್ಲಿ ಮಾತು ಕಡಿಮೆಯಾಯಿತು. ತುಳಸಮ್ಮ ಮಗಳ ಕಾಫಿಯನ್ನು ಟೇಬಲ್ಲಿನ ಮೇಲಿಟ್ಟು ಹೋಗುತ್ತಿದ್ದರು, ಕೈಗೆ ಕೊಡುತ್ತಿರಲಿಲ್ಲ. ಕೈತುತ್ತಿನಲ್ಲಿ ಪ್ರಶ್ನೆಗಳು ನಿಂತವು, ಕಥೆಗಳೂ ವಾಪಸು ಬರಲಿಲ್ಲ. ಸಂಕ್ರಾಂತಿಗೆ ಎಳ್ಳು ಬೀರಲು ಮೊಮ್ಮಗಳನ್ನು ಕರೆದುಕೊಂಡು ಹೋದ ತುಳಸಮ್ಮ ದಾರಿಯಲ್ಲೆಲ್ಲ ಅವಳ ಕೈಯನ್ನು ಬಿಗಿಯಾಗಿ ಹಿಡಿದಿದ್ದರು.

ಶೀನಣ್ಣನವರು ಮೊಮ್ಮಗಳಿಗೆ ಸಮಾಧಾನ ಹೇಳಲು ನೋಡಿದರು. ಪಾರ್ಕಿನ ಬೆಂಚಿನ ಮೇಲೆ ಕೂರಿಸಿಕೊಂಡು, "ನಂಗೆ ಏನೂ ಆಗಲ್ಲ ಪುಟ್ಟಿ, ನಾನು ಚೆನ್ನಾಗಿದೀನಿ," ಎಂದರು.

"ನೀವು ನೋವಿದ್ರೂ ಹೇಳ್ಕೊಳಲ್ವಂತೆ. ಅಜ್ಜಿ ಹೇಳಿದಾರೆ," ಎಂದಳು ಆರಾಧನಾ. ಅವರ ಮುಖವನ್ನೇ ಪರೀಕ್ಷೆ ಮಾಡುವವಳ ಹಾಗೆ ನೋಡಿದಳು. ಮಾತಿನಿಂದ ಹುಟ್ಟಿದ ಭಯ ಮಾತಿನಿಂದ ಹೋಗುವುದಿಲ್ಲವೆಂದು ಗಣಿತದ ಮೇಷ್ಟರಿಗೆ ಅಲ್ಲಿ ತಿಳಿಯಿತು.

ಕೋರ್ಟಿನ ದಿನಕ್ಕೆ ಮೊದಲಿನ ಭಾನುವಾರ ಅವರು ಷರ್ಟು ಹಾಕಿಕೊಂಡು ಸಿದ್ಧರಾಗಿ ನಿಂತರು. "ವಿಶಾಖಾಗೆ ಬರಬೇಡ ಅಂತ ಫೋನ್ ಮಾಡಿದೀನಿ. ನಾನೇ ಬಿಟ್ಟು ಬರ್ತೀನಿ."

"ಒಬ್ರೇನಾ? ಅಷ್ಟು ದೂರ?" ಎಂದರು ತುಳಸಮ್ಮ.

"ಇವಳಿದಾಳಲ್ಲ."

ನ್ಯಾಷನಲ್ ಕಾಲೇಜಿನ ಹತ್ತಿರ ಮೆಟ್ರೋ ಹತ್ತಿದರು, ಯಶವಂತಪುರದಲ್ಲಿ ಇಳಿದು ಆಟೋ ಹಿಡಿದರು. ಆರಾಧನಾ ಎರಡೂ ಸ್ಟೇಷನ್ನಿನಲ್ಲಿ ಅವರನ್ನು ಲಿಫ್ಟಿನಲ್ಲೇ ಕರೆದುಕೊಂಡು ಹೋದಳು. ವಿಶಾಖಾಳ ಮನೆ ಓದುವ ಹುಡುಗರೇ ತುಂಬಿದ ಒಂದು ಕಟ್ಟಡದ ತುದಿಯ ಮಹಡಿಯಲ್ಲಿತ್ತು. ಅಲ್ಲಿ ಲಿಫ್ಟ್ ಇರಲಿಲ್ಲ.

"ತಾತ, ಇಲ್ಲೇ ಇರಿ. ನಾನು ಹೋಗ್ತೀನಿ," ಎಂದಳು ಗಾಬರಿಯಿಂದ.

"ನಿಧಾನಕ್ಕೆ ಹತ್ತಬಹುದು ಅಂತ ಡಾಕ್ಟ್ರು ಹೇಳಿದಾರೆ. ಬಾ."

"ಬೇಡ ತಾತ."

"ನಾನು ಹೇಳೋದು ನಂಬಬೇಡ ನೀನು. ಜೊತೇಲಿ ಬಂದು ನೋಡು."

ಹತ್ತಿದರು. ಮೊದಲ ಮಹಡಿಗೇ ಉಸಿರು ಜೋರಾಯಿತು. ಅವರು ಅದನ್ನು ಮುಚ್ಚಿಡಲಿಲ್ಲ. ಎರಡನೆಯ ಮಹಡಿಯಲ್ಲಿ, ಯಾರೋ ಒಣಹಾಕಿದ್ದ ಟವೆಲ್ಲುಗಳ ಪಕ್ಕ ಮೆಟ್ಟಿಲ ಮೇಲೆ ಕೂತು ಅವಳ ಅಂಗೈಯನ್ನು ತಮ್ಮ ಎದೆಯ ಮೇಲೆ ಇಟ್ಟುಕೊಂಡರು.

"ಜೋರಾಗಿ ಹೊಡ್ಕೋತಿದೆ," ಎಂದಳು. ಕೈ ಹಿಂದಕ್ಕೆಳೆಯಲು ನೋಡಿದಳು.

"ಹೊಡ್ಕೊಳುತ್ತೆ. ವಯಸ್ಸಾದ ಎಲ್ಲರಿಗೂ ಹೀಗೇ. ಕೈ ತೆಗೀಬೇಡ."

ಇಬ್ಬರೂ ಹಾಗೇ ಕೂತರು. ಬ್ಯಾಗು ಹೊತ್ತ ಹುಡುಗರಿಬ್ಬರು ಅವರನ್ನು ದಾಟಿ ಇಳಿದು ಹೋದರು. ಸ್ವಲ್ಪ ಹೊತ್ತಿಗೆ ಉಸಿರು ಇಳಿಯಿತು.

"ಈಗ?"

"ಈಗ ಮೆತ್ತಗಾಯ್ತು."

"ಇಷ್ಟೇ ನನ್ನ ಕಾಯಿಲೆ. ನೀನು ಎಲ್ಲಿದ್ರೂ ಇದು ಹೀಗೇ ಇರುತ್ತೆ. ಒಂದು ದಿನ ನಿಂತ್ರೂ ವಯಸ್ಸಾಗಿ ನಿಲ್ಲುತ್ತೆ, ನಿನ್ನಿಂದ ಅಲ್ಲ."

ಅವಳು ಕೈ ತೆಗೆಯದೆಯೇ ಕೇಳಿದಳು. "ನಾನು ಅಮ್ಮನ ಹತ್ರ ಇರ್ತೀನಿ ಅಂತ ಹೇಳಿದ್ರೆ ನೀವು ಅಳ್ತೀರಾ?"

ಶೀನಣ್ಣನವರಿಗೆ ಇಲ್ಲ ಎನ್ನಬೇಕೆನ್ನಿಸಿತು. ಸುಳ್ಳು ಹೇಳಿದರೆ ಅವಳಿಗೆ ತಿಳಿಯುತ್ತದೆ ಎಂದು ಗೊತ್ತಿತ್ತು.

"ಅಳ್ತೀನಿ."

"ಆಮೇಲೆ?"

"ಆಮೇಲೆ ಮುಖ ತೊಳ್ಕೊಂಡು ಊಟ ಮಾಡ್ತೀನಿ."

"ನಿಜವಾಗ್ಲೂ?"

"ನಿಜವಾಗ್ಲೂ."

ಆರಾಧನಾ ಇದನ್ನು ಯೋಚಿಸಿದಳು. "ಹೇಳ್ತೀನೋ ಇಲ್ವೋ ಇನ್ನೂ ಗೊತ್ತಿಲ್ಲ," ಎಂದು ಎದ್ದು, ಅವರನ್ನು ಕೈಹಿಡಿದು ಎಬ್ಬಿಸಿದಳು.

ಕೋರ್ಟಿನ ದಿನ ತುಳಸಮ್ಮ ದೇವರ ಮುಂದೆ ದೀಪ ಹಚ್ಚಿ ಮನೆಯಲ್ಲೇ ಉಳಿದರು. ಕಾರಿಡಾರಿನ ಬೆಂಚಿನಲ್ಲಿ ಒಂದು ತುದಿಗೆ ಮಧುಸೂದನ, ಇನ್ನೊಂದು ತುದಿಗೆ ವಿಶಾಖಾ, ನಡುವೆ ದೀಪ್ತಿ ಮತ್ತು ಶೀನಣ್ಣ. ಆರಾಧನಾಗೆ ಮಧುಸೂದನ ಬೆಳಿಗ್ಗೆ ಹಾಕಿದ ಜಡೆಗಳು ಒಂದೇ ಎತ್ತರಕ್ಕಿದ್ದವು. ಬಾಗಿಲಲ್ಲಿ ಅವಳನ್ನು ಒಳಗೆ ಕರೆದಾಗ ಅವನು ಏನೋ ಹೇಳಲು ಬಾಯಿ ತೆರೆದ, ದೀಪ್ತಿಯ ಮುಖ ನೋಡಿದ, "ಹೋಗ್ಬಾ ಪುಟ್ಟಿ," ಎಂದಷ್ಟೇ ಹೇಳಿದ. ಅಣ್ಣನ ಮೇಲೆ ದೀಪ್ತಿಗೆ ಎಷ್ಟೋ ತಿಂಗಳ ಮೇಲೆ ಪ್ರೀತಿ ಉಕ್ಕಿತು.

ಬಹಳ ಹೊತ್ತು ಕಾದರು. ಹೊರಗೆ ಬಂದ ಆರಾಧನಾ ಅಪ್ಪನ ಕಡೆ ನೋಡಲಿಲ್ಲ, ಅಮ್ಮನ ಕಡೆ ನೋಡಲಿಲ್ಲ. ನೇರವಾಗಿ ಬಂದು ಶೀನಣ್ಣನವರ ಮುಂದೆ ನಿಂತಳು.

"ಹೇಳ್ದೆ ತಾತ."

ಯಾವುದನ್ನು ಎಂದು ಅವರು ಕೇಳಲಿಲ್ಲ. ಮಧುಸೂದನನೂ ಕೇಳಲಿಲ್ಲ, ಅವನು ಎದ್ದು ಕಿಟಕಿಯ ಕಡೆ ತಿರುಗಿ ನಿಂತ. ವಿಶಾಖಾ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು, ಅವಳ ಭುಜ ಅಲುಗುತ್ತಿತ್ತು. ಕೋರ್ಟು ಆಜ್ಞೆ ಬರೆಯುವುದು ಇನ್ನೂ ಮುಂದಿನ ಮಾತು, ಆದರೆ ಅಲ್ಲಿದ್ದ ಎಲ್ಲರಿಗೂ ಬಸವನಗುಡಿಯ ಮನೆ ಅಲ್ಲೇ ಖಾಲಿಯಾದದ್ದು ತಿಳಿದಿತ್ತು.

ಶೀನಣ್ಣನವರಿಗೆ ಕಣ್ಣು ತುಂಬಿ ಬಂತು. ಕೈವಸ್ತ್ರ ಹುಡುಕುವ ಮೊದಲೇ ಹನಿಗಳು ಕೆಳಗೆ ಬಿದ್ದವು. ಮೊಮ್ಮಗಳು ಹೆದರಲಿಲ್ಲ, ಕಾಯುತ್ತ ನಿಂತಳು. ಅವರು ಎದ್ದು ಕಾರಿಡಾರಿನ ಕೊನೆಯ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದರು.

"ಊಟ ಎಲ್ಲಿ ಮಾಡೋಣ?" ಎಂದರು.

ಎದುರು ರಸ್ತೆಯ ಹೋಟೆಲಿನಲ್ಲಿ ಐದೂ ಜನ ಒಂದೇ ಟೇಬಲ್ಲಿಗೆ ಕೂತರು. ಮಧುಸೂದನ ಅನ್ನವನ್ನು ಕಲಸುತ್ತ ಕೂತ, ವಿಶಾಖಾ ನೀರು ಕುಡಿದಳು. ಆರಾಧನಾ ತನ್ನ ತಟ್ಟೆ ಮುಟ್ಟದೆ ತಾತನ ಕೈಯನ್ನೇ ನೋಡುತ್ತಿದ್ದಳು. ಶೀನಣ್ಣನವರಿಗೆ ಊಟ ಬೇಕಿರಲಿಲ್ಲ. ಅವರು ಪಲ್ಯ ತಿಂದರು, ಹುಳಿಯನ್ನ ತಿಂದರು, ಸಾರನ್ನ ತಿಂದರು. ಮೊಮ್ಮಗಳು ಇನ್ನೂ ನೋಡುತ್ತಿದ್ದಳು. ಅವರು ಬಡಿಸುವವನನ್ನು ಕರೆದು, ಮೊಸರಿಗೆ ಇನ್ನೂ ಸ್ವಲ್ಪ ಅನ್ನ ಹಾಕಿಸಿಕೊಂಡರು. ಆಗ ಅವಳು ತನ್ನ ತಟ್ಟೆಗೆ ಕೈ ಹಾಕಿದಳು.